ಒಂದು ಬಾಟಲಿ ಕಡಿಮೆ

ನಿಧಾನಪ್ಪ ಬಚ್ಚಲುಮನೆಯ ನೆಲಕ್ಕೆ ಮೊಣಕಾಲೂರಿ, ನೀರು ಹೋಗುವ ಜಾಲರಿಯ ಮೇಲೆ ಮೂಗಿಟ್ಟು ಕೂತಿದ್ದ. ಉತ್ತ ಹೊಲದ ಮಣ್ಣು ಮೂಸುವವರ ಹಾಗೆ ಉಸಿರೆಳೆದ. ಬಿಟ್ಟ. ಮತ್ತೆ ಎಳೆದ.

"ಅಲ್ಲೇನು ಸಿಗುತ್ತೆ ಸಾರ್?" ಬಾಗಿಲಲ್ಲಿ ನಿಂತಿದ್ದ ಇಂಜಿನಿಯರಮ್ಮ ಕೇಳಿದಳು. "ಬಾಟಲಿ ಹೋಗಿರೋದು ಒಳಕೋಣೆಯಿಂದ."

"ಏನೂ ಸಿಗ್ತಿಲ್ಲ ತಾಯಿ. ಅದೇ ತೊಂದರೆ. ನಾತ ಬರಬೇಕಿತ್ತು, ಬರ್ತಿಲ್ಲ."

ಸೇತುವೆ ಕಟ್ಟುವ ಕೆಲಸಕ್ಕೆಂದು ಎರಡು ವರ್ಷದ ಮಟ್ಟಿಗೆ ಪರದೇಶಕ್ಕೆ ಹೋದವಳು ನಡುವಿನ ರಜೆಗೆ ಬಂದು ಮನೆಯ ಬೀಗ ತೆಗೆದರೆ, ಅಪ್ಪ ಕಾಪಿಟ್ಟಿದ್ದ ಬೀಜದ ಬಾಟಲಿಗಳ ಸಾಲಿನಲ್ಲಿ ಒಂದು ಕಡಿಮೆಯಿತ್ತು. ಬೀಗದ ಕೈ ಇದ್ದದ್ದು ತೀರಿಹೋದ ಅಣ್ಣನ ಹೆಂಡತಿಯ ಹತ್ತಿರ, ಅವಳೊಬ್ಬಳ ಹತ್ತಿರ.

ನಿಧಾನಪ್ಪ ಗೋಡೆ ಹಿಡಿದು ಎದ್ದ. ಎದ್ದದ್ದೂ ನಿಧಾನವಾಗಿಯೇ. ಪತ್ತೇದಾರಿ ಇಲಾಖೆಯಲ್ಲಿ ಮೇಲಿನವರು ಬೈದು ಇಟ್ಟ ಹೆಸರು ಅದು. ನಿವೃತ್ತನಾಗುವ ಹೊತ್ತಿಗೆ ಅವನ ಹೆಂಡತಿಯೂ ಹಾಗೆಯೇ ಕರೆಯತೊಡಗಿದ್ದಳು.

"ಜಾಲರಿಯ ಕೆಳಗೆ ಒಂದು ಬಟ್ಟಲಿರುತ್ತೆ. ಅದರಲ್ಲಿ ನೀರು ನಿಂತಿದ್ರೆ ಚರಂಡಿಯ ಗಾಳಿ ಮೇಲೆ ಬರಲ್ಲ. ತಿಂಗಳುಗಟ್ಟಲೆ ಯಾರೂ ನೀರು ಹಾಕದಿದ್ರೆ ಬಟ್ಟಲು ಒಣಗುತ್ತೆ. ಆಮೇಲೆ ನಾತ, ಜಿರಲೆ, ಎಲ್ಲ ಮನೆಯೊಳಗೆ. ನೀವು ಬಂದಾಗಿನಿಂದ ಹೋಟೆಲಲ್ಲಿದ್ದೀರಿ, ಇಲ್ಲಿ ನೀರು ಮುಟ್ಟಿಲ್ಲ. ನಿಮ್ಮ ಅತ್ತಿಗೆ ಏನು ಹೇಳಿದ್ರು?"

"ವಾರಕ್ಕೊಮ್ಮೆ ಬಂದು ಮುಂದಿನ ಕೋಣೆ ಗುಡಿಸಿ, ಕಿಟಕಿ ತೆಗೆದು ಹಾಕಿ ಹೋಗ್ತಿದ್ದೆ, ಅದರಾಚೆ ಕಾಲಿಟ್ಟಿಲ್ಲ ಅಂದ್ರು."

"ಯಾರೋ ಕಾಲಿಟ್ಟಿದ್ದಾರೆ. ಸ್ನಾನಾನೂ ಮಾಡಿದ್ದಾರೆ. ಒಂದು ದಿನ ಅಲ್ಲ."

ಆಕೆ ಮುಂದಿನ ಕೋಣೆಯ ಮೇಜಿನ ಕಡೆ ಒಮ್ಮೆ ತಿರುಗಿ ನೋಡಿದಳು. ಅಲ್ಲಿ, ಒಂದು ಲೋಟದ ಕೆಳಗೆ, ಪೊಲೀಸರಿಗೆ ಕೊಡಬೇಕಾದ ದೂರು ಬರೆದು ಇಟ್ಟಿತ್ತು. ಸಹಿಯೊಂದು ಬಾಕಿ. ಅತ್ತಿಗೆ ಕೆಲಸ ಮಾಡುವುದು ಶಿಶುವಿಹಾರದಲ್ಲಿ. ಪೊಲೀಸರು ಬಾಗಿಲಿಗೆ ಬಂದು ಹೆಸರು ಕೇಳಿ ಹೋದರೂ ಸಾಕು, ಮಾರನೆಯ ದಿನ ಯಾವ ತಾಯಿಯೂ ಅವಳ ಕೈಗೆ ಮಗುವನ್ನು ಕೊಡುವುದಿಲ್ಲ. ಅದು ಗೊತ್ತಿದ್ದರಿಂದಲೇ ಇಂಜಿನಿಯರಮ್ಮ ಠಾಣೆಗೆ ಹೋಗುವ ಮೊದಲು ನಿಧಾನಪ್ಪನ ಮನೆಗೆ ಬಂದಿದ್ದಳು. ಭಾನುವಾರದ ವಿಮಾನಕ್ಕೆ ವಾಪಸ್ ಹೋಗಬೇಕು. ಇವತ್ತು ಕತ್ತಲಾಗುವುದರೊಳಗೆ ನಿಜ ತಿಳಿಯದಿದ್ದರೆ ಸಹಿ ಹಾಕುತ್ತೇನೆ ಎಂದಿದ್ದಳು.

ಹೊರಡುವ ಮುಂಚೆ ಆಕೆ ಮನೆಯನ್ನು ಮಲಗಿಸಿದ ರೀತಿ ನಿಧಾನಪ್ಪನಿಗೆ ಹಿಡಿಸಿತ್ತು. ಫ್ರಿಜ್ಜಿನ ಬಾಗಿಲು ಮುಚ್ಚಿಕೊಳ್ಳದಂತೆ ನಡುವೆ ಬಟ್ಟೆಯ ಉಂಡೆ. ಗಡಿಯಾರದ ಸೆಲ್ ತೆಗೆದು ಪಕ್ಕದಲ್ಲೇ ಇಟ್ಟದ್ದು. ಹಾಸಿಗೆ ಸುತ್ತಿ ಮಂಚದ ಮೇಲೆ, ಮಂಚದ ಕಾಲು ಇಟ್ಟಿಗೆಯ ಮೇಲೆ. ಕುರ್ಚಿ ಕಪಾಟುಗಳಿಗೆಲ್ಲ ಹಳೆಯ ಹೊದಿಕೆ ಹೊದಿಸಿ, ಗಾಳಿಗೆ ಹಾರದಂತೆ ದಾರ ಕಟ್ಟಿದ್ದಳು. ದೂರದೂರಿಗೆ ಹೊರಟ ತಾಯಿ ಮಕ್ಕಳಿಗೆ ಹೊದಿಸಿ ಹೋದ ಹಾಗೆ.

ಅವನು ಕಪಾಟಿನ ಹೊದಿಕೆಯ ದಾರವನ್ನು ಬೆರಳಲ್ಲಿ ಎತ್ತಿ ಹಿಡಿದ.

"ಇದು ನೀವು ಹಾಕಿದ ಗಂಟಾ?"

ಆಕೆ ಬಗ್ಗಿ ನೋಡಿದಳು. ನೋಡುತ್ತ ಹುಬ್ಬು ಗಂಟಾಯಿತು. "ಅಲ್ಲ. ನಾನು ತುದಿ ಒಳಗೆ ಸೇರಿಸ್ತೀನಿ. ಇದು ಒಂದು ಕಡೆ ಉದ್ದ, ಇನ್ನೊಂದು ಕಡೆ ಮೋಟು."

"ಉದ್ದದ ತುದಿ ನೋಡಿ. ಚಪ್ಪಟೆಯಾಗಿದೆ."

"ಹಲ್ಲಿನ ಗುರುತು," ಎಂದಳು ಆಕೆ, ತನಗೆ ತಾನೇ ಹೇಳಿಕೊಳ್ಳುವಂತೆ.

ನಿಧಾನಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಕುರ್ಚಿಯ ಕೈಗೆ ಸುತ್ತಿ, ಒಂದು ತುದಿ ಬಾಯಲ್ಲಿ ಕಚ್ಚಿ, ಎಡಗೈ ಬೆನ್ನ ಹಿಂದಿಟ್ಟು, ಬಲಗೈಯೊಂದರಲ್ಲೇ ಗಂಟು ಹಾಕಲು ನೋಡಿದ. ಮುಖ ಕೆಂಪಾಯಿತು. ಕೊನೆಗೂ ಒಂದು ಗಂಟು ಬಿತ್ತು. ಒಂದು ಕಡೆ ಉದ್ದ, ಇನ್ನೊಂದು ಕಡೆ ಮೋಟು.

"ನಮ್ಮ ಮನೆಯವಳು ಇದನ್ನ ನೋಡಿದ್ರೆ ನಾಳೆಯಿಂದ ನಾಯಿಗೆ ಹಾಕೋ ಅನ್ನ ನನಗೆ ಹಾಕ್ತಾಳೆ," ಎಂದ.

ಆಕೆಗೆ ನಗು ಬರಲಿಲ್ಲ.

ಒಳಕೋಣೆಯ ಬಾಗಿಲಿಗೆ ಬೇರೆ ಬೀಗ. ಅದರ ಕೈ ಆಕೆಯ ಜೊತೆಗೇ ವಿಮಾನ ಹತ್ತಿತ್ತು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಬೀಗ ನೇತುಬಿದ್ದ ಕೊಂಡಿಯ ಸ್ಕ್ರೂಗಳು ಮಾತ್ರ ಬೇರೆ ಕಥೆ ಹೇಳುತ್ತಿದ್ದವು. ತುಕ್ಕಿನ ನಡುವೆ ಅವುಗಳ ತಲೆಯ ಸೀಳುಗಳು ಹೊಸದಾಗಿ ಮಿನುಗುತ್ತಿದ್ದವು. ಬೆರಳಿಟ್ಟರೆ ಜಿಡ್ಡು. ಮೂಸಿದರೆ ಹೊಲಿಗೆ ಮೆಷಿನ್ನಿನ ಎಣ್ಣೆ.

"ಬೀಗಕ್ಕೆ ಮರ್ಯಾದೆ ಕೊಟ್ಟು ಕೊಂಡಿಯನ್ನ ಬಿಚ್ಚಿದ್ದಾರೆ," ಎಂದ ನಿಧಾನಪ್ಪ. "ಆಮೇಲೆ ಹಾಗೇ ಕೂರಿಸಿದ್ದಾರೆ. ಕಳ್ಳರಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?"

ಪಕ್ಕದ ಮನೆಯವನು ದರ್ಜಿ. ಕಾಂಪೌಂಡಿನ ಗೋಡೆಯ ಮೇಲೆ ಮೊಣಕೈಯೂರಿ ನಿಧಾನಪ್ಪ ಕರೆದಾಗ, ಅವನು ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡೇ ಬಂದ.

"ಮೆಷಿನ್ ಎಣ್ಣೆ ಯಾರಾದ್ರೂ ಕೇಳಿ ಇಸ್ಕೊಂಡಿದ್ರಾ?"

ದರ್ಜಿ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗಿಯ ತೋಳಿಗೆ ಚುಚ್ಚಿಕೊಂಡ. "ಎಣ್ಣೆ ಕೊಟ್ಟೆ, ಸ್ಕ್ರೂ ಡ್ರೈವರೂ ಕೊಟ್ಟೆ. ಸ್ಕ್ರೂ ಡ್ರೈವರ್ ವಾಪಸ್ ಬಂತು. ಎಣ್ಣೆ ಹೋಗಿದ್ದು ಹೋಯ್ತು."

"ಯಾರಿಗೆ ಕೊಟ್ರಿ?"

"ಇವರ ಅತ್ತಿಗೆಗೆ. ಯಾಕೆ, ತಮ್ಮ ಮನೆಯ ಬಾಗಿಲು ತಾವು ರಿಪೇರಿ ಮಾಡಿಸ್ಕೋಬಾರ್ದಾ? ನೋಡಿ ಯಜಮಾನ್ರೆ, ಸಾಕ್ಷಿ ಗೀಕ್ಷಿ ಅಂತ ನನ್ನನ್ನ ಎಳೀಬೇಡಿ. ಶಾಲೆ ಮಕ್ಕಳ ಬಟ್ಟೆ ತಲೆ ಮೇಲೆ ಕೂತಿದೆ."

ನಿಧಾನಪ್ಪ ತಿರುಗಿದಾಗ ಇಂಜಿನಿಯರಮ್ಮ ಅಲ್ಲಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋಗಿದ್ದಳು. ಹೋಗಿ ನೋಡಿದರೆ ಮೇಜಿನ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು.

"ಇನ್ನೇನು ಬೇಕು ಸಾರ್? ಬೀಜದ ವ್ಯಾಪಾರಿ ಅಪ್ಪ ಇದ್ದಾಗಿನಿಂದ ಆ ಬಾಟಲಿಗೆ ಕಣ್ಣು ಹಾಕಿದ್ದ. ಅತ್ತಿಗೆಗೆ ಏನೋ ಆಸೆ ತೋರಿಸಿದ್ದಾನೆ."

"ವ್ಯಾಪಾರಿಯನ್ನ ಬೆಳಿಗ್ಗೆ ನೋಡಿ ಬಂದೆ. ಆ ಬೀಜ ಸಿಕ್ಕಿದ್ರೆ ಅವನು ಗಾಜಿನ ಹಿಂದೆ ಇಟ್ಟು ಊರಿಗೆಲ್ಲ ತೋರಿಸ್ತಿದ್ದ. ಅವನಿಗೆ ಗುಟ್ಟು ಇಟ್ಕೊಂಡು ಅಭ್ಯಾಸ ಇಲ್ಲ. ಒಂದು ಬಾಟಲಿ ಬಿಚ್ಚಿ ತಾಯಿ, ಉಳಿದದ್ದರಲ್ಲಿ ಯಾವುದಾದ್ರೂ. ಆಮೇಲೆ ಸಹಿ ಹಾಕಿ. ನಾನು ತಡೆಯಲ್ಲ."

ಆಕೆ ಒಲ್ಲದ ಮನಸ್ಸಿನಿಂದ ಎದ್ದಳು.

ಒಳಕೋಣೆಯ ಹಲಗೆಯ ಮೇಲೆ ಬಾಟಲಿಗಳು ತರಗತಿಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಎಲ್ಲ ಹುರುಳಿಕಾಯಿಯ ಬೀಜ, ಆದರೆ ಒಂದರ ಹಾಗೆ ಒಂದಿಲ್ಲ. ಅಪ್ಪ ಒಂದೊಂದು ಬಳ್ಳಿಯಿಂದ ಆರಿಸಿ ಆರಿಸಿ ಜೀವಮಾನವೆಲ್ಲ ಉಳಿಸಿಕೊಂಡು ಬಂದದ್ದು. ಬೀಜದ ಮೇಲೆ ಜರಡಿ ಹಿಡಿದ ಬೂದಿ, ಬೂದಿಯ ಮೇಲೆ ಬಟ್ಟೆ, ಬಟ್ಟೆಗೆ ಮೇಣ ತೀಡಿದ ನೂಲು. ಸಾಲಿನ ನಡುವೆ ಒಂದು ದುಂಡು ಗುರುತು ಖಾಲಿ ಉಳಿದಿತ್ತು. ಅದು ಕರಿಗೆರೆಯ ಜಾಗ. ಮೈಮೇಲೆ ಕಪ್ಪು ಗೀಟು ಎಳೆದ ಹಾಗಿರುವ ಆ ಬೀಜ ಎಲ್ಲಿಂದ ಬಂತು ಎಂದು ಅಪ್ಪ ಯಾರಿಗೂ ಹೇಳಿರಲಿಲ್ಲ. ಪ್ರತಿ ವರ್ಷ ಅದನ್ನು ಎಲ್ಲಕ್ಕಿಂತ ಮೊದಲು ಬಿತ್ತುತ್ತಿದ್ದ, ಎಲ್ಲಕ್ಕಿಂತ ಕೊನೆಗೆ ಕೊಯ್ಯುತ್ತಿದ್ದ.

ಆಕೆ ತುದಿಯ ಬಾಟಲಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ನೂಲಿನ ತುದಿಯಲ್ಲಿ ಇಲ್ಲೂ ಹಲ್ಲಿನ ಗುರುತು. ನೂಲು ಬಿಚ್ಚಿ, ಬೂದಿಯನ್ನು ಕಾಗದದ ಮೇಲೆ ಸುರಿದು, ನಾಲ್ಕು ಬೀಜ ಅಂಗೈಗೆ ಹಾಕಿಕೊಂಡಳು. ಕಿಟಕಿಯ ಹತ್ತಿರ ಹೋದಳು. ಒಂದನ್ನು ಉಗುರಲ್ಲಿ ಒತ್ತಿದಳು.

ಉಳಿದ ಮೂರನ್ನೂ ಒತ್ತಿದಳು.

"ಇದು ನಾನು ಇಟ್ಟು ಹೋದ ಬೀಜ ಅಲ್ಲ."

"ಬದಲಾಯಿಸಿದ್ದಾರಾ?"

"ಜಾತಿ ಅದೇ. ಅದರಲ್ಲಿ ಅನುಮಾನ ಇಲ್ಲ, ಈ ಮಚ್ಚೆ ನಾನು ಎಲ್ಲಿ ಕಂಡ್ರೂ ಗುರುತು ಹಿಡೀತೀನಿ. ಆದ್ರೆ ನಾನು ತುಂಬಿ ಹೋದದ್ದು ಹಳೇ ಬೀಜ. ಇಷ್ಟು ಹೊತ್ತಿಗೆ ಕಂದು ತಿರುಗಿರಬೇಕಿತ್ತು. ಇದು ನೋಡಿ, ಹಾಲಿನ ಬಣ್ಣ. ಮೈ ಹೊಳೀತಿದೆ. ಇದು ಈ ವರ್ಷ ಬಳ್ಳಿಯಲ್ಲಿ ಬಿಟ್ಟದ್ದು."

ಆಕೆ ಇನ್ನೊಂದು ಬಾಟಲಿ ಬಿಚ್ಚಿದಳು. ಮತ್ತೊಂದು. ಎಲ್ಲ ಹೊಸ ಬೀಜ.

ನಿಧಾನಪ್ಪ ಗೋಡೆಗೊರಗಿ ಕೂತ. ಇಷ್ಟು ವರ್ಷದ ಕೆಲಸದಲ್ಲಿ ಮನೆ ಖಾಲಿ ಮಾಡಿ ಹೋದವರನ್ನು ನೋಡಿದ್ದ, ಒಡೆದು ಹೋದವರನ್ನು ನೋಡಿದ್ದ. ಹಳೆಯದನ್ನು ತೆಗೆದುಕೊಂಡು ಬಿತ್ತಿ, ಬೆಳೆದು, ಒಣಗಿಸಿ, ಆರಿಸಿ, ಹೊಸದನ್ನು ತುಂಬಿ, ಬೂದಿ ಮುಚ್ಚಿ ಅದೇ ಜಾಗದಲ್ಲಿಟ್ಟು ಹೋದ ಕಳ್ಳನನ್ನು ನೋಡಿರಲಿಲ್ಲ. ಇಂಥವರ ಮೇಲೆ ಯಾವ ದೂರು ಕೊಡುವುದು?

"ಅತ್ತಿಗೆಗೆ ಬೀಜದ ಕೆಲಸ ಗೊತ್ತಾ?"

"ಅವರಿಗೆ ಮಕ್ಕಳ ಕೆಲಸ ಗೊತ್ತು. ಕುಂಡದಲ್ಲಿಟ್ಟ ಗಿಡಾನೂ ಅವರ ಕೈಲಿ ಉಳಿಯಲ್ಲ," ಎಂದಳು ಆಕೆ. ಆ ಮಾತಿನಲ್ಲಿ ಮೊದಲ ಬಾರಿಗೆ ಸಿಟ್ಟಿನ ಬದಲು ಬೇರೇನೋ ಇತ್ತು. "ಈ ಬೂದಿ ಕಟ್ಟೋದು ಅಪ್ಪನಿಗೆ, ಅಣ್ಣನಿಗೆ, ನನಗೆ ಬಿಟ್ರೆ ಈ ಊರಲ್ಲಿ ಯಾರಿಗೂ ಬರಲ್ಲ."

"ಅವರನ್ನ ಕರೆಸಿ."

ಅತ್ತಿಗೆ ಬಂದಾಗ ಬಿಸಿಲು ಹಿತ್ತಿಲ ಗೋಡೆ ಹತ್ತಿತ್ತು. ಶಿಶುವಿಹಾರದಿಂದ ನೇರ ಬಂದಿದ್ದಳು. ಭುಜದ ಮೇಲೆ ಯಾವುದೋ ಮಗು ಕಕ್ಕಿದ ಹಾಲಿನ ಕಲೆ ಇನ್ನೂ ಒಣಗಿರಲಿಲ್ಲ.

"ಇಂಜಿನಿಯರಮ್ಮನೋರು ಬರಹೇಳಿದ್ರಂತೆ."

ಹುಟ್ಟಿದ ಮನೆಯಲ್ಲಿ ಎಲ್ಲರೂ ಪುಟ್ಟಿ ಎಂದು ಕರೆಯುತ್ತಿದ್ದ, ಇವಳೂ ಪುಟ್ಟಿ ಎಂದೇ ತಲೆ ಬಾಚಿ ಕಾಲೇಜಿಗೆ ಕಳಿಸುತ್ತಿದ್ದ ನಾದಿನಿಯ ಮುಖ ಆ ಮಾತಿಗೆ ಬಾಡಿತು.

"ಕೂತ್ಕೊಳ್ಳಿ ಅತ್ತಿಗೆ."

"ಬೇಡ. ನಾನು ಕೂತೆದ್ರೆ ಕುರ್ಚೀನೂ ಒಂದು ಕಡಿಮೆ ಆದೀತು."

ನಿಧಾನಪ್ಪ ಕೆಮ್ಮಿದ. "ತಂಗಿ, ಪಕ್ಕದ ಮನೆಯಿಂದ ಸ್ಕ್ರೂ ಡ್ರೈವರ್ ತಂದಿದ್ದು ನಿಜಾನಾ?"

"ನಿಜ."

"ಒಳಕೋಣೆ ತೆಗೆದಿದ್ದು?"

ಅವಳು ಅವನನ್ನು ನೋಡಿದಳು. ಆಮೇಲೆ ನಾದಿನಿಯನ್ನು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ತುಂಬಿದ ಮನೆಯಲ್ಲಿ ಹಿರಿಯರೆದುರು ಹೆಂಗಸರು ಒಬ್ಬರಿಗೊಬ್ಬರು ಕಣ್ಣಲ್ಲೇ ಕೇಳಿಕೊಳ್ಳುವ ಪ್ರಶ್ನೆ ಅದು: ಇವರ ಮುಂದೆ ಹೇಳಲಾ? ನಾದಿನಿಗೆ ಆ ಪ್ರಶ್ನೆಯೇ ತಲುಪಿದಂತಿರಲಿಲ್ಲ.

"ನೀವು ಮಾತಾಡ್ತಿರಿ," ಎಂದ ನಿಧಾನಪ್ಪ. "ನಾನೊಂದಿಷ್ಟು ಹಿತ್ತಿಲು ನೋಡಿ ಬರ್ತೀನಿ."

ಹಿತ್ತಿಲಿನಲ್ಲಿ ನೋಡುವುದಕ್ಕೂ ಇತ್ತು. ಕಳೆ ಬೆಳೆದಿದ್ದರೂ ಸಾಲುಗಳು ಅಳಿಸಿರಲಿಲ್ಲ. ಬಳ್ಳಿ ಹಬ್ಬಿಸಲು ಕೋಲು ನೆಟ್ಟ ತೂತುಗಳು ಒಂದರ ಹಿಂದೊಂದು ನೂಲು ಹಿಡಿದ ಹಾಗೆ ನೇರ ಇದ್ದವು. ಮಣ್ಣಿನಲ್ಲಿ ಹುಟ್ಟಿ ಬೆಳೆದವನು ಕಣ್ಣಳತೆಯಲ್ಲಿ ನೆಡುತ್ತಾನೆ. ಅವನ ಸಾಲು ಎಲ್ಲೋ ಒಂದು ಕಡೆ ಸೊಂಟ ಬಳುಕಿಸಿಯೇ ತೀರುತ್ತದೆ. ಇಷ್ಟು ನೇರ ನೆಟ್ಟವರು ಅಳತೆಯ ಕೆಲಸದವರು. ಅವನು ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಒಂದು ಹುಲ್ಲುಕಡ್ಡಿ ಬಾಯಿಗಿಟ್ಟುಕೊಂಡು, ಕಿವಿಯನ್ನು ಒಳಗೆ ಕಳಿಸಿದ.

"ಹೋದ್ರಾ?" ಅತ್ತಿಗೆಯ ದನಿ.

"ಹೋದ್ರು."

"ಇನ್ನು ಸಾಕು ಮಾಡು ಪುಟ್ಟಿ. ನಾಲ್ಕು ಜನರ ಎದುರು ನೀನು ಏನೂ ಗೊತ್ತಿಲ್ಲದ ಹಾಗೆ ಕೇಳ್ತೀಯ, ನಾನೂ ಗೊತ್ತಿಲ್ಲ ಅನ್ನಬೇಕು ಅಂತ ಅವಳು ಹೇಳಿಯೇ ಹೋಗಿದ್ಲು. ಬಾಯಿ ಹೊಲ್ಕೊಂಡು ಇದ್ದೆ. ಒಬ್ಬಳೇ ಮನೆಗೆ ಬರ್ತೀಯ, ಆವಾಗ ಮಾತಾಡೋಣ ಅಂತ ಕಾದೆ. ಬರಲಿಲ್ಲ. ದೂರು ಬರೀತೀಯ ಅಂತ ಮಾತ್ರ ಅವಳು ಹೇಳಿರಲಿಲ್ಲ."

"ಯಾವ ಅವಳು?"

"ಇನ್ನೂ ನಾಟಕಾನಾ? ನೀನೇ ಕಳಿಸಿದವಳು!"

"ಅತ್ತಿಗೆ, ನಾನು ಯಾರನ್ನೂ ಕಳಿಸಿಲ್ಲ."

ಪಕ್ಕದ ಮನೆಯ ಹೊಲಿಗೆ ಮೆಷಿನ್ ಒಂದು ಇಡೀ ಹೊಲಿಗೆ ಓಡಿ ನಿಂತಿತು. ಒಳಗೆ ಕುರ್ಚಿ ಎಳೆದ ಸದ್ದು. ಅತ್ತಿಗೆ ಕೂತಿದ್ದಳು.

"ನಿನ್ನ ಜೊತೆ ಕೆಲಸ ಮಾಡೋಳು, ಅಲ್ಲಿ ಪಕ್ಕದ ರೂಮಲ್ಲಿ ಇರೋಳು ಅಂದ್ಲು," ಅತ್ತಿಗೆಯ ದನಿ ಈಗ ತಡವರಿಸುತ್ತಿತ್ತು. "ನಮ್ಮ ಮಾತೇ ಆಡ್ತಿದ್ಲು. ನಿನ್ನನ್ನ ಪುಟ್ಟಿ ಅಂದ್ಲು. ನಾನು ಹೆಣೆದು ಕಳಿಸಿದ ಸ್ವೆಟರ್ ಬಣ್ಣ ಹೇಳಿದ್ಲು. ಅದಕ್ಕಿಂತ ಗುರುತು ಏನು ಬೇಕಿತ್ತು ನನಗೆ? ಕೆಲಸದಲ್ಲಿ ಗಾಯ ಆಗಿದೆ, ವಾಸಿ ಆಗೋ ತನಕ ಇಲ್ಲಿರೋಕೆ ನೀನೇ ಹೇಳಿದ್ದೀಯ ಅಂದ್ಲು. ಅಮ್ಮನ ಮನೆಗೆ ಅಂತ ರಜೆ ತಗೊಂಡು ಇಲ್ಲಿ ಬಂದಿದ್ದು ಕಂಪನಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ, ಫೋನಲ್ಲಿ ನನ್ನ ಸುದ್ದಿ ಎತ್ತಬೇಡಿ ಅಂದ್ಲು."

"ಗಾಯ ಎಲ್ಲಿ ಆಗಿತ್ತು?" ಇಂಜಿನಿಯರಮ್ಮನ ದನಿ ಬಾವಿಯ ತಳದಿಂದ ಬಂದ ಹಾಗಿತ್ತು.

"ಎಡಗೈ. ಎರಡು ಬೆರಳೇ ಇರಲಿಲ್ಲ ಪುಟ್ಟಿ. ಉಳಿದವೂ ಮಡಚ್ತಿರಲಿಲ್ಲ. ಏನು ಕಟ್ಟಬೇಕಾದ್ರೂ ಬಾಯಿಂದ ಕಚ್ಚಿ ಕಟ್ಟೋಳು, ನೋಡೋಕಾಗ್ತಿರಲಿಲ್ಲ. ಬೀಜ ಹಳತಾಗಿದೆ, ಈ ಸಲ ಬಿತ್ತದಿದ್ರೆ ಸಾಯುತ್ತೆ, ಅದಕ್ಕೇ ಪುಟ್ಟಿ ನನ್ನನ್ನ ಕಳಿಸಿದ್ದು ಅಂದ್ಲು. ನಾನು ಅಗೆದೆ, ಅವಳು ಬಿತ್ತಿದ್ಲು. ನಿನಗೆ ಒಳ್ಳೇದಾಗುತ್ತೆ ಅಂತ ಮಾಡಿದ್ನಲ್ಲೇ!"

ನಿಧಾನಪ್ಪ ಹುಲ್ಲುಕಡ್ಡಿ ಉಗಿದು, ಹಿತ್ತಿಲ ಬಾಗಿಲಿಂದ ಒಳಗೆ ಬಂದ. ಕಿಟಕಿಯ ಕೆಳಗಿದ್ದೆ ಎಂದು ಹೇಳುವ ಅಗತ್ಯ ಬೀಳಲಿಲ್ಲ. ಅವನ ಮೊಣಕಾಲಿನ ಮಣ್ಣು ಹೇಳಿತು.

ಇಂಜಿನಿಯರಮ್ಮ ಅತ್ತಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ದೂರಿನ ಕಾಗದ ಅವಳ ಮುಷ್ಟಿಯಲ್ಲಿ ಉಂಡೆಯಾಗಿತ್ತು.

"ಕ್ಷಮಿಸಿ ಅಂತ ಹೇಗೆ ಹೇಳಲಿ ಅತ್ತಿಗೆ? ಒಬ್ಬಳೇ ಬಂದು ಒಂದು ಮಾತು ಕೇಳಲಿಲ್ಲ ನಾನು."

"ಆಮೇಲೆ ಹೇಳುವಿಯಂತೆ. ಮೊದಲು ಅದನ್ನ ಒಲೆಗೆ ಹಾಕು," ಎಂದಳು ಅತ್ತಿಗೆ. ಕಣ್ಣೊರೆಸಿಕೊಂಡ ಕೈಯಲ್ಲೇ ನಾದಿನಿಯ ಕೆದರಿದ ಕೂದಲನ್ನು ಹಿಂದಕ್ಕೆ ತಳ್ಳಿದಳು.

"ಅವರು ನಿಮ್ಮ ಸ್ನೇಹಿತೆಯೇ?" ನಿಧಾನಪ್ಪ ಕೇಳಿದ.

ಆಕೆ ಹೌದೆಂದು ತಲೆಯಾಡಿಸಿದಳು. "ಸರ್ವೆ ಕೆಲಸದವಳು. ತಂತಿಹಗ್ಗಕ್ಕೆ ಸಿಕ್ಕಿ ಬೆರಳು ಹೋದಾಗ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗಿದ್ದೆ. ಸಂಜೆ ಹೊತ್ತು ಮಾಡೋಕೆ ಕೆಲಸ ಇರ್ತಿರಲಿಲ್ಲ ಸಾರ್. ಮನೆ ನೆನಪಾಗೋದು. ಹೇಳ್ತಿದ್ದೆ. ಈ ಮನೆಯ ಒಂದೊಂದು ಬಾಗಿಲೂ ಅವಳಿಗೆ ಗೊತ್ತು. ಬೂದಿ ಕಟ್ಟೋದನ್ನ ಒಂದು ಔಷಧಿ ಬಾಟಲಿ ಮೇಲೆ ತೋರಿಸಿಕೊಟ್ಟೆ. ಅಮ್ಮನ ಮನೆಗೆ ಅಂತ ಹೋದವಳು ವಾಪಸ್ ಬಂದು ಇಲ್ಲಿಯ ಸುದ್ದಿ ಒಂದಕ್ಷರ ಆಡಲಿಲ್ಲ. ಆದ್ರೆ ಕರಿಗೆರೆಯ ಹೆಸರನ್ನ ನಾನು ಎತ್ತಿರಲೇ ಇಲ್ಲ. ಅಪ್ಪ ಬೇಡ ಅಂದಿದ್ದ."

"ಅವಳು ಬಾಗಿಲು ತೆಗೆದ ಕೂಡಲೇ ಹೋಗಿ ಆ ಬಾಟಲಿ ಮುಂದೇನೇ ನಿಂತ್ಲು," ಎಂದಳು ಅತ್ತಿಗೆ. "ಅತ್ತುಬಿಟ್ಲು. ಕೇಳಿದ್ದಕ್ಕೆ ಹೇಳಿದ್ಲು, ಅವಳ ಅಮ್ಮ ಚಿಕ್ಕ ವಯಸ್ಸಿನಲ್ಲೇ ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದ್ರಂತೆ. ಬರೋ ತನಕ ನೋಡ್ಕೊಳ್ಳಿ ಅಂತ ನಮ್ಮ ಮಾವನ ಹತ್ರ ಬಿಟ್ಟು ಹೋದದ್ದಂತೆ ಅದು. ಅವರು ವಾಪಸ್ ಬರಲಿಲ್ಲವಂತೆ. ಹೊರಡುವಾಗ ಅದೊಂದನ್ನ ತಗೊಂಡ್ಲು. ಮಿಕ್ಕ ಹೊಸ ಬೀಜ ನಾನು ಇದ್ದ ಮನೆಗೆ ಬಾಡಿಗೆ ಅಂದ್ಲು."

ಮೂವರೂ ತೆರೆದ ಬಾಗಿಲಿನಾಚೆ ಒಳಕೋಣೆಯ ಹಲಗೆಯ ಮೇಲಿನ ಆ ಖಾಲಿ ದುಂಡು ಗುರುತನ್ನು ನೋಡಿದರು. ಬೇರೆಯವರ ವಸ್ತುವೊಂದು ಇಷ್ಟು ವರ್ಷ ತಮ್ಮ ಮನೆಯ ಹಲಗೆಯ ಮೇಲೆ ಕಾದು ಕೂತಿತ್ತೆ? ಹಾಗಿದ್ದರೆ ಕಳುವಾದದ್ದು ಯಾರದು, ಕದ್ದವರು ಯಾರು? ಪ್ರಕರಣ ಮುಗಿಯಿತು ಎಂದು ನಿಧಾನಪ್ಪನಿಗೆ ಅನ್ನಿಸಿದ್ದೂ ಆ ಕ್ಷಣದಲ್ಲೇ.

"ಒಂದು ಮಾತು ಮಾತ್ರ ನನಗೆ ತಿಳೀಲಿಲ್ಲ," ಅತ್ತಿಗೆ ನೆನಪಿಸಿಕೊಂಡು ಹೇಳಿದಳು. "ಮೆಟ್ಟಿಲು ಇಳೀತಾ ಹೇಳಿದ್ಲು. 'ದೊಡ್ಡದು ಸಿಕ್ತು ಅಕ್ಕಾ, ಚಿಕ್ಕದು ಪುಟ್ಟಿ ಹತ್ರ ಇದೆ' ಅಂತ. ಚಿಕ್ಕದು ಯಾವುದೇ?"

ಇಂಜಿನಿಯರಮ್ಮನ ಮುಖದಿಂದ ರಕ್ತ ಇಳಿದುಹೋಯಿತು. ಬೆಳಿಗ್ಗೆಯಿಂದ ಈಕೆ ತನ್ನಿಂದಲೂ ಒಂದು ವಿಷಯ ಮುಚ್ಚಿಟ್ಟಿದ್ದಳು ಎಂಬುದು ನಿಧಾನಪ್ಪನಿಗೆ ಆಗ ಹೊಳೆಯಿತು.

"ಇನ್ನೊಂದು ಬಾಟಲಿ ಇದೆಯಾ ತಾಯಿ?"

"ಹೆಬ್ಬೆರಳಿನಷ್ಟು ಚಿಕ್ಕದು. ಅಪ್ಪ ತೀರಿಹೋಗೋ ಮುಂಚೆ ನನ್ನ ಕೈಗೆ ಕೊಟ್ಟದ್ದು. ಕರಿಗೆರೆಯ ಜೋಡಿ, ನಿನ್ನ ಹತ್ರಾನೇ ಇರಲಿ, ಯಾರಿಗೂ ತೋರಿಸಬೇಡ ಅಂದಿದ್ದ. ಸೂಟ್‌ಕೇಸಲ್ಲಿ ಇಟ್ಕೊಂಡು ಹೋದೆ. ಅಲ್ಲೇ ರೂಮಲ್ಲಿದೆ."

"ರೂಮಿನ ಬೀಗದ ಕೈ?"

ಆಕೆ ಅತ್ತಿಗೆಯ ಮುಖ ನೋಡಿದಳು. ವರ್ಷಕ್ಕೂ ಮೇಲೆ ಇನ್ನೊಬ್ಬರ ಮನೆಯ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡು ತಿರುಗಿದ ಅತ್ತಿಗೆಗೆ ಅದು ಮೊದಲು ಅರ್ಥವಾಯಿತು.

"ಅವಳ ಕೈಗೇ ಕೊಟ್ಟು ಬಂದ್ಯಾ?"

"ಬೀಜ ತಾನೇ," ಎಂದ ನಿಧಾನಪ್ಪ, ಸಮಾಧಾನ ಹೇಳುವವನಂತೆ. "ಅವರಮ್ಮನದೇ ಆಗಿದ್ರೆ, ಹೋಗಲಿ ಬಿಡಿ. ನಾಲ್ಕು ಬೀಜ."

ಇಂಜಿನಿಯರಮ್ಮ ಎದ್ದು ಒಳಕೋಣೆಗೆ ಹೋದಳು. ಖಾಲಿ ಗುರುತಿನ ಮೇಲೆ ಬೆರಳಿಟ್ಟಳು, ಬಿಸಿ ಮುಟ್ಟಿದವಳ ಹಾಗೆ ತಟ್ಟನೆ ತೆಗೆದಳು.

"ಅಪ್ಪ ಹೋದ ಮೇಲೆ ಒಂದೇ ಒಂದು ಸಲ ಅದನ್ನ ಬಿಚ್ಚಿ ನೋಡಿದ್ದೆ," ಎಂದಳು. "ಅದರಲ್ಲಿರೋದು ಬೀಜ ಅಲ್ಲ ಸಾರ್."